ಟೋರಿ ಪಕ್ಷದ ಸೌಮ್ಯವಾದಿಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಟೋರಿ ಎಂದೂ ಕರೆಯಲ್ಪಡುವ ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷ 2024ರ ಜುಲೈ ತಿಂಗಳ ಚುನಾವಣೆಯಲ್ಲಿ 121 ಸ್ಥಾನಗಳಿಗೆ ಕುಸಿಯಿತು. ಆ ಪಕ್ಷದೊಳಗೆ ಬಹುಕಾಲ ಪ್ರಬಲವಾಗಿದ್ದು ಈಚೆಗೆ ಮೂಲೆಗುಂಪಾಗಿರುವ ಸೌಮ್ಯವಾದಿ ಬಣವನ್ನು ಕುರಿತು ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಆರನ್ನು ಆಯ್ದುಕೊಂಡು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಕನ್ಸರ್ವೇಟಿವ್ ಪಕ್ಷವೆಂದರೆ ಸಿರಿವಂತರ, ಭೂಮಾಲೀಕರ ಪಕ್ಷವೆಂದೇ ನಾವು ಕಾಲೇಜಿನಲ್ಲಿ ಓದಿದ್ದು. ಅದರಲ್ಲಿ ಬಡವರ ಹಿತವನ್ನು ಚಿಂತಿಸುವ ಬಣವೊಂದು ಇತ್ತೆಂದು ನಂಬುವುದು ಕಷ್ಟ. ಅಂಥ ವಿಚಾರದವರು ನೇರವಾಗಿ ಲೇಬರ್ ಪಕ್ಷವನ್ನೇ ಸೇರಬಹುದಿತ್ತಲ್ಲವೇ? (ಶಿವಮೊಗ್ಗದ ಓದುಗರೊಬ್ಬರು)

ಉತ್ತರ: ಅವರ ನಂಬಿಕೆಗಳು ಲೇಬರ್ ಪಕ್ಷದ ನಂಬಿಕೆಗಳಾಗಿರಲಿಲ್ಲ. ಖಾಸಗಿ ಆಸ್ತಿ, ರಾಜಪೀಠ, ಚರ್ಚು, ತಲೆತಲಾಂತರದಿಂದ ಬಂದ ಸಂಸ್ಥೆಗಳು ಉಳಿಯಬೇಕು ಎನ್ನುವಲ್ಲಿ ಅವರು ಅಪ್ಪಟ ಟೋರಿಗಳೇ ಆಗಿದ್ದರು. ಇವು ಉಳಿಯಬೇಕಾದರೆ ಉಳ್ಳವರು ಇಲ್ಲದವರ ಹೊಣೆಯನ್ನು ಹೊರಬೇಕು, ಹಾಗೆ ಹೊರದೆ ಹೋದರೆ ಸಮಾಜ ಇಬ್ಭಾಗವಾಗಿ ಈ ಸಂಸ್ಥೆಗಳೂ ಅದರೊಂದಿಗೆ ಉರುಳುತ್ತವೆ ಎಂಬುದು ಅವರ ವಾದ. ಬೆಂಜಮಿನ್ ಡಿಸ್ರೇಲಿ 1845ರಲ್ಲಿ ಪ್ರಕಟಿಸಿದ 'ಸಿಬಿಲ್' ಕಾದಂಬರಿಯಲ್ಲಿ ಇಂಗ್ಲೆಂಡಿನ ಬಡವರನ್ನೂ ಶ್ರೀಮಂತರನ್ನೂ ಒಬ್ಬರ ಬದುಕು ಇನ್ನೊಬ್ಬರಿಗೆ ತಿಳಿಯದ ಎರಡು ರಾಷ್ಟ್ರಗಳೆಂದು ಚಿತ್ರಿಸಲಾಗಿತ್ತು. ಈ ಬಣಕ್ಕೆ 'ಒನ್ ನೇಷನ್' ಎಂಬ ಹೆಸರು ಬಂದದ್ದು ಅಲ್ಲಿಂದಲೇ. ಡಿಸ್ರೇಲಿ ಪ್ರಧಾನಿಯಾಗಿದ್ದ 1875ರ ಒಂದೇ ವರ್ಷದಲ್ಲಿ ಸಾರ್ವಜನಿಕ ಆರೋಗ್ಯ ಕಾಯ್ದೆ, ಕೊಳೆಗೇರಿಗಳನ್ನು ತೆರವುಗೊಳಿಸಿ ಕಾರ್ಮಿಕರಿಗೆ ಮನೆ ಕಟ್ಟಿಸಲು ಅನುವು ಮಾಡಿದ ಕಾಯ್ದೆ, ಮುಷ್ಕರದ ವೇಳೆ ಶಾಂತಿಯಿಂದ ಧರಣಿ ನಿಲ್ಲುವವರನ್ನು ಶಿಕ್ಷೆಯಿಂದ ಪಾರುಮಾಡಿದ ಕಾಯ್ದೆ ಮೂರೂ ಬಂದವು.

ಇಪ್ಪತ್ತನೆಯ ಶತಮಾನದಲ್ಲಿ ಈ ಪರಂಪರೆಯನ್ನು ಎತ್ತಿಹಿಡಿದವರಲ್ಲಿ ಹೆರಾಲ್ಡ್ ಮ್ಯಾಕ್‌ಮಿಲನ್ ಮುಖ್ಯರು. ಅವರು 1924ರಲ್ಲಿ ಈಶಾನ್ಯ ಇಂಗ್ಲೆಂಡಿನ ಸ್ಟಾಕ್‌ಟನ್ ಎಂಬ ಕೈಗಾರಿಕಾ ಪಟ್ಟಣದಿಂದ ಸಂಸತ್ತಿಗೆ ಆಯ್ಕೆಯಾದರು. ಆ ಊರಿನ ಕೆಲಸವಿಲ್ಲದ ಕುಟುಂಬಗಳ ಸ್ಥಿತಿಯನ್ನು ಅವರು ಜೀವಮಾನವಿಡೀ ಮರೆಯಲಿಲ್ಲ. ಮುಪ್ಪಿನಲ್ಲಿ ಅರ್ಲ್ ಪದವಿಯನ್ನು ಸ್ವೀಕರಿಸಿದಾಗಲೂ ಸ್ಟಾಕ್‌ಟನ್ನಿನ ಹೆಸರನ್ನೇ ಆರಿಸಿಕೊಂಡರು. 1945ರಲ್ಲಿ ಲೇಬರ್ ಪಕ್ಷದ ಎದುರು ಟೋರಿಗಳು ಹೀನಾಯವಾಗಿ ಸೋತ ಮೇಲೆ, ರ‍್ಯಾಬ್ ಬಟ್ಲರ್ ಅವರ ನೇತೃತ್ವದಲ್ಲಿ 1947ರಲ್ಲಿ ಸಿದ್ಧವಾದ ಕೈಗಾರಿಕಾ ಸನ್ನದು, ಪೂರ್ಣ ಉದ್ಯೋಗವನ್ನೂ ಕಾರ್ಮಿಕ ಸಂಘಗಳ ಹಕ್ಕುಗಳನ್ನೂ ಪಕ್ಷ ಒಪ್ಪುವಂತೆ ಮಾಡಿತು. 1951ರಲ್ಲಿ ಅಧಿಕಾರಕ್ಕೆ ಮರಳಿದ ಪಕ್ಷ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಕಿತ್ತೊಗೆಯಲಿಲ್ಲ. ವರ್ಷಕ್ಕೆ 3 ಲಕ್ಷ ಮನೆ ಕಟ್ಟುವ ಭರವಸೆಯನ್ನು ವಸತಿ ಸಚಿವ ಮ್ಯಾಕ್‌ಮಿಲನ್ 1953ರಲ್ಲಿ ಈಡೇರಿಸಿದರು, ಮತ್ತು ಅವುಗಳಲ್ಲಿ ಬಹುಪಾಲು ಸ್ಥಳೀಯ ಸಂಸ್ಥೆಗಳು ಬಾಡಿಗೆಗೆ ಕೊಡುವ ಮನೆಗಳಾಗಿದ್ದವು.

1950ರಲ್ಲಿ ಹೊಸ ಸಂಸದರು ಕಟ್ಟಿಕೊಂಡ 'ಒನ್ ನೇಷನ್' ಗುಂಪಿನಲ್ಲಿ ಇಯಾನ್ ಮ್ಯಾಕ್ಲೌಡ್ ಮತ್ತು ಎಡ್ವರ್ಡ್ ಹೀತ್ ಅವರೊಂದಿಗೆ, ಮುಂದೆ ವಲಸೆಯ ಕಡುವಿರೋಧಿಯಾದ ಈನಕ್ ಪವೆಲ್ ಕೂಡ ಇದ್ದರು ಎಂಬುದನ್ನು ನೆನಪಿಡಬೇಕು. ಈ ಪರಂಪರೆ ಆರಂಭದಿಂದಲೂ ಒಂದೇ ದನಿಯದಾಗಿರಲಿಲ್ಲ.

ಪ್ರಶ್ನೆ: ಕರಾವಳಿಯ ಹಲವು ಕುಟುಂಬಗಳ ಹಿರಿಯರು ಪೂರ್ವ ಆಫ್ರಿಕದಲ್ಲಿ ಗುಮಾಸ್ತರಾಗಿ, ಶಿಕ್ಷಕರಾಗಿ ದುಡಿದವರು. 1972ರಲ್ಲಿ ಉಗಾಂಡದಿಂದ ಹೊರದೂಡಲ್ಪಟ್ಟ ಭಾರತೀಯ ಮೂಲದವರಿಗೆ ಆಶ್ರಯ ಕೊಟ್ಟದ್ದು ಟೋರಿ ಸರ್ಕಾರವೆಂದು ಕೇಳಿದ್ದೇನೆ. ಇದು ನಿಜವೇ, ಮತ್ತು ಅದಕ್ಕೂ ಸೌಮ್ಯವಾದಿಗಳಿಗೂ ಸಂಬಂಧವಿದೆಯೇ? (ಮಂಗಳೂರಿನ ಓದುಗರೊಬ್ಬರು)

ಉತ್ತರ: ನಿಜ, ಮತ್ತು ಸಂಬಂಧ ನೇರವಾಗಿಯೇ ಇದೆ. ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಮ್ಯಾಕ್‌ಮಿಲನ್ ಪ್ರಧಾನಿಯಾಗಿದ್ದಾಗ 1960ರ ಫೆಬ್ರುವರಿ 3ರಂದು ಕೇಪ್‌ಟೌನಿನಲ್ಲಿ ನಿಂತು, ಆಫ್ರಿಕದಲ್ಲಿ ಬದಲಾವಣೆಯ ಗಾಳಿ ಬೀಸುತ್ತಿದೆಯೆಂದು ದಕ್ಷಿಣ ಆಫ್ರಿಕದ ಬಿಳಿಯರ ಸಂಸತ್ತಿಗೇ ಹೇಳಿದರು. ಅವರ ವಸಾಹತು ಸಚಿವರಾಗಿದ್ದ ಮ್ಯಾಕ್ಲೌಡ್, ಪಕ್ಷದ ಬಲಪಂಥೀಯರ ತೀವ್ರ ನಿಂದೆಯನ್ನು ಸಹಿಸಿಕೊಂಡು ಪೂರ್ವ ಆಫ್ರಿಕದ ದೇಶಗಳ ಸ್ವಾತಂತ್ರ್ಯವನ್ನು ಚುರುಕುಗೊಳಿಸಿದರು. ಕೆನ್ಯಾದ ಜೋಮೊ ಕೆನ್ಯಾಟಾ 1961ರಲ್ಲಿ ಬಿಡುಗಡೆಯಾದದ್ದು ಅವರ ಅವಧಿಯಲ್ಲೇ. ಅಲ್ಲಿದ್ದ ಏಷ್ಯಾ ಮೂಲದ ಬ್ರಿಟಿಷ್ ಪಾಸ್‌ಪೋರ್ಟುದಾರರಿಗೆ ಬ್ರಿಟನ್ನಿನ ಬಾಗಿಲು ತೆರೆದಿರುತ್ತದೆ ಎಂಬ ನಂಬಿಕೆ ಮೂಡಿದ್ದೂ ಆಗಲೇ.

1968ರಲ್ಲಿ ಆ ನಂಬಿಕೆಯನ್ನು ಮುರಿಯುವ ಕಾಯ್ದೆಯನ್ನು ತಂದದ್ದು ಲೇಬರ್ ಸರ್ಕಾರ. ಕೆನ್ಯಾದ ಏಷ್ಯನ್ನರು ಬರುವುದನ್ನು ತಡೆಯಲೆಂದೇ ಅದನ್ನು ಕೆಲವೇ ದಿನಗಳಲ್ಲಿ ಸಂಸತ್ತಿನಲ್ಲಿ ತರಾತುರಿಯಿಂದ ಅಂಗೀಕರಿಸಲಾಯಿತು. ಆಗ ಮ್ಯಾಕ್ಲೌಡ್ ಮತ್ತು ಇಯಾನ್ ಗಿಲ್ಮೋರ್ ಅವರಂಥ ಟೋರಿ ಸೌಮ್ಯವಾದಿಗಳು ತಮ್ಮ ಪಕ್ಷದ ಅಧಿಕೃತ ನಿಲುವನ್ನು ಮೀರಿ ಅದರ ವಿರುದ್ಧ ಮತ ಹಾಕಿದರು. ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕು ಎಂಬುದಷ್ಟೇ ಮ್ಯಾಕ್ಲೌಡ್ ಅವರ ವಾದದ ತಿರುಳು. ಅದೇ ವರ್ಷದ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ವಲಸಿಗರ ವಿರುದ್ಧ ಪವೆಲ್ ಮಾಡಿದ ಭಾಷಣಕ್ಕೆ ಬೀದಿಯಲ್ಲಿ ಅಪಾರ ಜನಬೆಂಬಲ ವ್ಯಕ್ತವಾಯಿತು. ಹೀಗಿದ್ದರೂ ಪಕ್ಷದ ನಾಯಕರಾಗಿದ್ದ ಹೀತ್, ಪವೆಲ್ ಅವರನ್ನು ತಮ್ಮ ಛಾಯಾ ಸಂಪುಟದಿಂದ (ಸರ್ಕಾರದ ಸಂಪುಟಕ್ಕೆ ಎದುರಾಗಿ ವಿರೋಧ ಪಕ್ಷ ಕಟ್ಟುವ ತಂಡ) ತಡಮಾಡದೆ ತೆಗೆದುಹಾಕಿದರು.

1972ರ ಆಗಸ್ಟ್‌ನಲ್ಲಿ ಇದಿ ಅಮೀನ್ 90 ದಿನಗಳ ಗಡುವು ಕೊಟ್ಟಾಗ ಹೀತ್ ಪ್ರಧಾನಿ, ರಾಬರ್ಟ್ ಕಾರ್ ಗೃಹ ಸಚಿವ. ನಮ್ಮ ನಗರಕ್ಕೆ ಬರಬೇಡಿ ಎಂದು ಲೆಸ್ಟರ್ ನಗರಸಭೆ ಉಗಾಂಡದ ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಿದಂಥ ಕಾಲವದು. ಆದರೂ ಸರ್ಕಾರ 27,000ಕ್ಕೂ ಹೆಚ್ಚು ಜನರನ್ನು ಬರಮಾಡಿಕೊಂಡು, ಅವರ ನೆಲೆಗಾಗಿ ಒಂದು ಮಂಡಳಿಯನ್ನೇ ರಚಿಸಿತು. ಇದೇ ಹೀತ್ ಸರ್ಕಾರ 1971ರಲ್ಲಿ ವಲಸೆಯನ್ನು ಬಿಗಿಗೊಳಿಸುವ ಕಾಯ್ದೆಯನ್ನು ತಂದಿತ್ತು ಎಂಬುದನ್ನೂ ಹೇಳದಿದ್ದರೆ ಚಿತ್ರ ಪೂರ್ಣವಾಗುವುದಿಲ್ಲ. ಆದರೆ ಮತಗಳನ್ನು ಕಳೆದುಕೊಳ್ಳುವ ಭಯ ಎದುರಿಗಿದ್ದಾಗಲೂ ನೆರವಿಗೆ ನಿಂತದ್ದನ್ನು ನಾನು ದೊಡ್ಡ ಸಂಗತಿಯೆಂದೇ ಎಣಿಸುತ್ತೇನೆ. ನಮ್ಮ ಕರಾವಳಿಯವರೂ ಗೋವಾದವರೂ ಗುಜರಾತಿನವರೂ ಇದನ್ನು ಮರೆಯಬಾರದು.

ಪ್ರಶ್ನೆ: 1979ರಲ್ಲಿ ಮಾರ್ಗರೇಟ್ ಥ್ಯಾಚರ್ ಪ್ರಧಾನಿಯಾದಾಗ ಅವರ ಸಂಪುಟದಲ್ಲಿ ಸೌಮ್ಯವಾದಿಗಳದ್ದೇ ಮೇಲುಗೈಯಿತ್ತಂತೆ. ಹಾಗಿದ್ದೂ ಅವರು ಹೇಗೆ ಸೋತರು? (ಧಾರವಾಡದ ರಾಜ್ಯಶಾಸ್ತ್ರ ವಿದ್ಯಾರ್ಥಿನಿ)

ಉತ್ತರ: ತಲೆ ಎಣಿಸಿದರೆ ಮೇಲುಗೈ ಇದ್ದದ್ದು ಸರಿ. ವಿದೇಶಾಂಗಕ್ಕೆ ಲಾರ್ಡ್ ಕ್ಯಾರಿಂಗ್ಟನ್, ರಕ್ಷಣೆಗೆ ಫ್ರಾನ್ಸಿಸ್ ಪಿಮ್, ಉದ್ಯೋಗ ಖಾತೆಗೆ ಜಿಮ್ ಪ್ರಯರ್, ಕೃಷಿಗೆ ಪೀಟರ್ ವಾಕರ್, ಇವರೊಂದಿಗೆ ಗಿಲ್ಮೋರ್, ನಾರ್ಮನ್ ಸೇಂಟ್ ಜಾನ್ ಸ್ಟೀವಸ್, ಕ್ರಿಸ್ಟೊಫರ್ ಸೋಮ್ಸ್. ಆದರೆ ಹಣಕಾಸು, ಕೈಗಾರಿಕೆ, ವ್ಯಾಪಾರ ಈ ಮೂರು ಖಾತೆಗಳನ್ನು ಥ್ಯಾಚರ್, ಮುಕ್ತ ಮಾರುಕಟ್ಟೆ ಮತ್ತು ಸರ್ಕಾರಿ ವೆಚ್ಚದ ಕಡಿತವನ್ನು ನಂಬಿದ ತಮ್ಮ ವಿಚಾರದವರಾದ ಜೆಫ್ರಿ ಹೌ, ಕೀತ್ ಜೋಸೆಫ್ ಮತ್ತು ಜಾನ್ ನಾಟ್ ಅವರ ಕೈಗೆ ಕೊಟ್ಟಿದ್ದರು. ದೇಶದ ದಿಕ್ಕನ್ನು ಬದಲಿಸಿದ ಆರ್ಥಿಕ ತೀರ್ಮಾನಗಳು ಚಿಕ್ಕ ಸಮಿತಿಗಳಲ್ಲಿ ರೂಪುಗೊಂಡು ಪೂರ್ಣ ಸಂಪುಟದ ಮುಂದೆ ಬರುವ ಹೊತ್ತಿಗೆ ಮುಗಿದ ಮಾತಾಗಿರುತ್ತಿದ್ದವು.

ನಿರ್ಣಾಯಕ ಕ್ಷಣ 1981ರ ಮಾರ್ಚ್ 10ರ ಬಜೆಟ್. ಆರ್ಥಿಕ ಹಿಂಜರಿತದ ನಡುವೆಯೇ ತೆರಿಗೆಯನ್ನು ಏರಿಸಿದ ಆ ಬಜೆಟ್ಟಿನ ವಿವರ ಸಂಪುಟಕ್ಕೆ ತಿಳಿದದ್ದು ಅದೇ ದಿನ ಬೆಳಿಗ್ಗೆ. ಪ್ರಯರ್, ವಾಕರ್, ಗಿಲ್ಮೋರ್ ಮೂವರೂ ಒಟ್ಟಿಗೆ ಕುಳಿತು ರಾಜೀನಾಮೆ ಕೊಡುವ ವಿಚಾರವನ್ನು ಚರ್ಚಿಸಿದರು, ಕೊಡಲಿಲ್ಲ. ಆ ತಿಂಗಳ ಕೊನೆಗೆ 364 ಅರ್ಥಶಾಸ್ತ್ರಜ್ಞರು 'ಟೈಮ್ಸ್' ಪತ್ರಿಕೆಯ ಮೂಲಕ ಸರ್ಕಾರದ ನೀತಿಯನ್ನು ಬಹಿರಂಗವಾಗಿ ಖಂಡಿಸಿದರು. ಬೇಸಿಗೆಯಲ್ಲಿ ಇನ್ನಷ್ಟು ವೆಚ್ಚ ಕಡಿತದ ಪ್ರಸ್ತಾವ ಬಂದಾಗ ಸಂಪುಟ ದಂಗೆಯೆದ್ದಿತು. ಥ್ಯಾಚರ್ ಸೆಪ್ಟೆಂಬರ್ 14ರಂದು ಇದಕ್ಕೆ ಉತ್ತರ ಕೊಟ್ಟರು: ಗಿಲ್ಮೋರ್, ಸೋಮ್ಸ್ ಮತ್ತು ಶಿಕ್ಷಣ ಸಚಿವ ಮಾರ್ಕ್ ಕಾರ್ಲೈಲ್ ವಜಾಗೊಂಡರು, ಪ್ರಯರ್ ಅವರನ್ನು ಉತ್ತರ ಐರ್ಲೆಂಡಿಗೆ ಕಳುಹಿಸಲಾಯಿತು, ಅವರ ಜಾಗಕ್ಕೆ ನಾರ್ಮನ್ ಟೆಬಿಟ್ ಬಂದರು. ಸ್ಟೀವಸ್ ಜನವರಿಯಲ್ಲೇ ಹೊರಬಿದ್ದಿದ್ದರು. ಹಡಗು ಬಂಡೆಯತ್ತ ಪೂರ್ಣ ವೇಗದಲ್ಲಿ ಸಾಗುತ್ತಿರುವಾಗ ಆಗಾಗ ಒಬ್ಬೊಬ್ಬರನ್ನು ಸಮುದ್ರಕ್ಕೆಸೆಯುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ ಎಂಬರ್ಥದ ಮಾತನ್ನು ಹೇಳಿ ಗಿಲ್ಮೋರ್ ನಿರ್ಗಮಿಸಿದರು. 1982ರ ಆರಂಭಕ್ಕೆ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷವನ್ನು ಮುಟ್ಟಿತು. ಆದರೆ ಅದೇ ವರ್ಷ ಫಾಕ್‌ಲ್ಯಾಂಡ್ಸ್ ಯುದ್ಧದ ಗೆಲುವು, ಮರುವರ್ಷ ಚುನಾವಣೆಯಲ್ಲಿ 144 ಸ್ಥಾನಗಳ ಬಹುಮತ ದಕ್ಕಿ ಥ್ಯಾಚರ್ ಅಲುಗಾಡದ ಸ್ಥಿತಿಗೆ ತಲುಪಿದರು. ಅತಿಯಾದ ಬಹುಮತದಿಂದ ಸಾಮಾನ್ಯವಾಗಿ ಒಳ್ಳೆಯ ಸರ್ಕಾರ ಬರುವುದಿಲ್ಲವೆಂದು ಪ್ರಚಾರದ ಮಧ್ಯೆ ಹೇಳಿದ್ದ, ಅಷ್ಟರಲ್ಲಿ ವಿದೇಶಾಂಗ ಸಚಿವರಾಗಿದ್ದ ಪಿಮ್ ಅವರನ್ನು ಚುನಾವಣೆ ಮುಗಿದೊಡನೆ ಕೈಬಿಡಲಾಯಿತು.

ಸೋಲಿಗೆ ಕಾರಣಗಳನ್ನು ಕೇಳಿದ್ದೀರಿ. ಮೊದಲನೆಯದು, ಅವರ ಬಳಿ ಪರ್ಯಾಯ ಆರ್ಥಿಕ ಯೋಜನೆ ಇರಲಿಲ್ಲ. ಬೆಲೆ ಮತ್ತು ವೇತನಗಳನ್ನು ಸರ್ಕಾರ, ಕಾರ್ಮಿಕ ಸಂಘ, ಮಾಲೀಕರು ಕೂಡಿ ನಿಯಂತ್ರಿಸುವ ಅವರ ಹಳೆಯ ದಾರಿಯನ್ನು ಹೀತ್ ಹಿಡಿದಿದ್ದರು. ಅದು 1974ರಲ್ಲಿ ಗಣಿಕಾರ್ಮಿಕರ ಮುಷ್ಕರ, ವಾರಕ್ಕೆ ಮೂರೇ ದಿನ ಕೆಲಸ, ಚುನಾವಣೆಯ ಸೋಲಿನಲ್ಲಿ ಕೊನೆಗೊಂಡಿತ್ತು. ಮರುವರ್ಷ ಹಣದುಬ್ಬರ ಶೇ 24ನ್ನು ದಾಟಿದ್ದನ್ನು ಜನ ಮರೆತಿರಲಿಲ್ಲ. ಈ ಒಂದು ವಿಷಯದಲ್ಲಿ ಥ್ಯಾಚರ್ ಬಣದ ಟೀಕೆ ನ್ಯಾಯವಾಗಿತ್ತೆಂದು ಒಪ್ಪಲೇಬೇಕು. ಎರಡನೆಯದು ಅವರ ಸ್ವಭಾವ. ಇವರಲ್ಲಿ ಹಲವರು ಯುದ್ಧ ಕಂಡವರು, ದೊಡ್ಡ ಮನೆತನದವರು, ಪಕ್ಷನಿಷ್ಠೆಯನ್ನು ಮನೆತನದ ಮರ್ಯಾದೆಯಂತೆ ಕಾಪಾಡಿಕೊಂಡವರು. 1981ರಲ್ಲಿ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಹುಟ್ಟಿದಾಗ ಲೇಬರ್ ಪಕ್ಷದ ಹಲವಾರು ಸಂಸದರು ಅತ್ತ ಹೋದರು. ಟೋರಿ ಸಂಸದರಲ್ಲಿ ಹೋದವರು ಒಬ್ಬರೇ. ಒಳಗೇ ಉಳಿದವರು ಸಂಕೇತಗಳಿಂದ ತುಂಬಿದ ಭಾಷಣಗಳಲ್ಲಿ ಅಸಮಾಧಾನ ತೋರಿಸಿದರೇ ಹೊರತು, ಮಾರ್ಚ್ ತಿಂಗಳ ಆ ಬೆಳಿಗ್ಗೆ ಮೂವರು ಸಚಿವರು ಒಟ್ಟಿಗೆ ಹೊರನಡೆದಿದ್ದರೆ ಏನಾಗಬಹುದಿತ್ತು ಎಂಬುದನ್ನು ಪರೀಕ್ಷಿಸಲಿಲ್ಲ. ಥ್ಯಾಚರ್ ಆಗಿನ್ನೂ ದುರ್ಬಲರಾಗಿದ್ದರು. ಅವರ ವಿರೋಧಿಗಳು ತಮ್ಮ ಬಲವನ್ನು ಬಳಸಬೇಕಾದ ದಿನವೇ ಬಳಸಲಿಲ್ಲ ಎಂಬುದು ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ಖೇದ ತರುವ ಭಾಗ.

ಪ್ರಶ್ನೆ: ಸೋತವರ ಕಥೆಯಲ್ಲಿ ಗೆಲುವು ಏನಾದರೂ ಇದೆಯೇ? (ಹಾಸನದ ಓದುಗರೊಬ್ಬರು)

ಉತ್ತರ: ಇದೆ, ಮತ್ತು ಅದರ ಬಹುಪಾಲು ಮೈಕೆಲ್ ಹೆಸೆಲ್‌ಟೈನ್ ಅವರಿಗೆ ಸಲ್ಲುತ್ತದೆ. 1981ರ ಜುಲೈನಲ್ಲಿ ಲಿವರ್‌ಪೂಲಿನ ಟಾಕ್ಸ್‌ಟೆತ್ ಬಡಾವಣೆಯಲ್ಲಿ ಗಲಭೆ ಭುಗಿಲೆದ್ದಾಗ ಅವರು ಪರಿಸರ ಸಚಿವರು. ಸ್ಥಳೀಯಾಡಳಿತವೂ ವಸತಿಯೂ ಆ ಖಾತೆಗೇ ಸೇರಿದ್ದವು. ಅವರು ವಾರಗಟ್ಟಲೆ ಆ ನಗರದಲ್ಲೇ ಉಳಿದು, ಬ್ಯಾಂಕು ಮತ್ತು ವಿಮಾ ಸಂಸ್ಥೆಗಳ ಮುಖ್ಯಸ್ಥರನ್ನು ಬಸ್ಸಿನಲ್ಲಿ ಕರೆದೊಯ್ದು ಪಾಳುಬಿದ್ದ ಬೀದಿಗಳನ್ನು ತೋರಿಸಿದರು. ಕೈಬಿಟ್ಟಿದ್ದ ಆಲ್ಬರ್ಟ್ ಡಾಕ್ ಜೀರ್ಣೋದ್ಧಾರಗೊಂಡಿತು, ಕಸ ತುಂಬಿದ್ದ ನದೀತೀರದಲ್ಲಿ 1984ರಲ್ಲಿ ಅಂತರರಾಷ್ಟ್ರೀಯ ಉದ್ಯಾನ ಉತ್ಸವ ನಡೆಯಿತು. ಅದೇ ಹೊತ್ತಿನಲ್ಲಿ ಹಣಕಾಸು ಸಚಿವ ಹೌ, ಆ ನಗರದ ಮೇಲೆ ಹಣ ಸುರಿಯುವ ಬದಲು ಅದರ ಅವನತಿಯನ್ನು ನಿಧಾನವಾಗಿ ನಿಭಾಯಿಸುವುದನ್ನೂ ಯೋಚಿಸಬೇಕೆಂದು ಪ್ರಧಾನಿಗೆ ಬರೆದಿದ್ದರೆಂಬುದು 30 ವರ್ಷಗಳ ಬಳಿಕ ಬಿಡುಗಡೆಯಾದ ಸರ್ಕಾರಿ ಕಡತಗಳಿಂದ ತಿಳಿಯಿತು. ಟೋರಿಗಳಿಗೆ ಮತ ಹಾಕದ ಲಿವರ್‌ಪೂಲ್ 2012ರಲ್ಲಿ ಹೆಸೆಲ್‌ಟೈನ್ ಅವರಿಗೆ ನಗರದ ಗೌರವ ಪೌರತ್ವವನ್ನು ಕೊಟ್ಟಿತು. ಬಾಡಿಗೆದಾರರು ತಾವಿರುವ ಸರ್ಕಾರಿ ಮನೆಯನ್ನು ಕೊಳ್ಳುವ ಹಕ್ಕನ್ನು ಕೊಟ್ಟ 1980ರ ಕಾಯ್ದೆಯನ್ನು ತಂದವರೂ ಇವರೇ ಆದ್ದರಿಂದ, ಸೌಮ್ಯವಾದಿಯೆಂದರೆ ಅರೆ ಸಮಾಜವಾದಿಯೆಂದು ತಿಳಿಯಬಾರದು.

ಇನ್ನೊಂದು ಗೆಲುವು ತಲೆಗಂದಾಯದ್ದು. ಕೋಟ್ಯಧಿಪತಿಗೂ ಕೂಲಿಗಾರನಿಗೂ ಒಂದೇ ಮೊತ್ತವನ್ನು ವಿಧಿಸುತ್ತಿದ್ದ ಆ ಸ್ಥಳೀಯ ತೆರಿಗೆ 1989ರಲ್ಲಿ ಸ್ಕಾಟ್ಲೆಂಡಿನಲ್ಲಿ, 1990ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜಾರಿಗೆ ಬಂದು ದೇಶವನ್ನೇ ಕೆರಳಿಸಿತು. ಆ ವರ್ಷದ ನವೆಂಬರ್‌ನಲ್ಲಿ ಹೆಸೆಲ್‌ಟೈನ್ ನಾಯಕತ್ವಕ್ಕೆ ಸವಾಲು ಹಾಕಿದಾಗ ಥ್ಯಾಚರ್ ಅವರಿಗೆ 204, ಇವರಿಗೆ 152 ಮತ ಬಂದವು. ಎದುರಾಳಿಗಿಂತ ನಿಗದಿತ ಅಂತರದ ಮುನ್ನಡೆ ಬೇಕೆಂಬ ನಿಯಮದಂತೆ ಮೊದಲ ಸುತ್ತಿನಲ್ಲೇ ಗೆಲ್ಲಲು ಥ್ಯಾಚರ್ ಅವರಿಗೆ ನಾಲ್ಕು ಮತ ಕಡಿಮೆಯಾಯಿತು, ಅವರು ರಾಜೀನಾಮೆ ಘೋಷಿಸಿದರು. ಪ್ರಧಾನಿಯಾದದ್ದು ಜಾನ್ ಮೇಜರ್. ಆದರೆ ಮತ್ತೆ ಪರಿಸರ ಖಾತೆಗೆ ಬಂದ ಹೆಸೆಲ್‌ಟೈನ್ ತಲೆಗಂದಾಯವನ್ನು ರದ್ದುಗೊಳಿಸುವ ಕೆಲಸವನ್ನು ಕೈಗೆತ್ತಿಕೊಂಡರು, ಮತ್ತು 1993ರಿಂದ ಅದರ ಜಾಗಕ್ಕೆ ಮನೆಯ ಬೆಲೆಯನ್ನು ಆಧರಿಸಿದ ತೆರಿಗೆ ಬಂತು. ಅದು ಇಂದಿಗೂ ಜಾರಿಯಲ್ಲಿದೆ.

ಪ್ರಶ್ನೆ: ನಮ್ಮ ಹುಬ್ಬಳ್ಳಿಯಲ್ಲಿ ಹುಟ್ಟಿದ ಹೆಣ್ಣುಮಗಳನ್ನು ಮದುವೆಯಾದ ರಿಷಿ ಸುನಕ್ ಸೌಮ್ಯವಾದಿಗಳ ಸಾಲಿಗೆ ಸೇರುತ್ತಾರೆಯೇ? (ಹುಬ್ಬಳ್ಳಿಯ ಓದುಗರೊಬ್ಬರು)

ಉತ್ತರ: ಮಾತಿನ ಧಾಟಿಯಲ್ಲಿ ಸೌಮ್ಯರು, ವಿಚಾರದಲ್ಲಿ ಆ ಪರಂಪರೆಯವರಲ್ಲ. ಅವರು 2016ರಲ್ಲಿ ಬ್ರೆಕ್ಸಿಟ್ ಪರ ನಿಂತವರು, ಆಶ್ರಯ ಕೋರಿ ಬಂದವರನ್ನು ರುವಾಂಡಾಕ್ಕೆ ಕಳುಹಿಸುವ ಯೋಜನೆಯನ್ನು ಪ್ರಧಾನಿಯಾಗಿ ಹಟದಿಂದ ಮುಂದುವರಿಸಿದವರು. 2023ರ ನವೆಂಬರ್‌ನಲ್ಲಿ ಸುಯೆಲಾ ಬ್ರೇವರ್‌ಮನ್ ಅವರನ್ನು ಗೃಹ ಖಾತೆಯಿಂದ ತೆಗೆದು ಡೇವಿಡ್ ಕ್ಯಾಮರನ್ ಅವರನ್ನು ವಿದೇಶಾಂಗ ಸಚಿವರನ್ನಾಗಿ ಕರೆತಂದಾಗ ಸೌಮ್ಯ ಬಣಕ್ಕೆ ಅಲ್ಪ ಸಮಾಧಾನ ಸಿಕ್ಕಿತ್ತು.

ಆದರೆ ಅವರ 2022ರ ಅನುಭವದಲ್ಲಿ ಸೌಮ್ಯವಾದಿಗಳ ಈಗಿನ ತೊಡಕು ಸ್ಪಷ್ಟವಾಗಿ ಕಾಣುತ್ತದೆ. ಆ ಬೇಸಿಗೆಯಲ್ಲಿ ಸಂಸದರ ಕೊನೆಯ ಸುತ್ತಿನಲ್ಲಿ ಸುನಕ್ ಅವರಿಗೆ 137, ಲಿಜ್ ಟ್ರಸ್ ಅವರಿಗೆ 113 ಮತ ಬಿದ್ದಿದ್ದವು. ಪಕ್ಷದ ಸಾಮಾನ್ಯ ಸದಸ್ಯರು ಶೇ 57ರಷ್ಟು ಮತಗಳಿಂದ ಟ್ರಸ್ ಅವರನ್ನು ಆರಿಸಿದರು. ಅಂತಿಮ ಆಯ್ಕೆಯನ್ನು ಸದಸ್ಯರಿಗೆ ಬಿಡುವ ನಿಯಮ ವಿಲಿಯಂ ಹೇಗ್ ಅವರ ಕಾಲದಲ್ಲಿ, 1998ರಲ್ಲಿ ಬಂದದ್ದು. ಹಣಕಾಸು ಸಚಿವರಾಗಿ ಹೆಸರು ಮಾಡಿದ್ದ, ಸಾಮಾನ್ಯ ಮತದಾರರಲ್ಲಿ ಜನಪ್ರಿಯರಾಗಿದ್ದ ಕೆನ್ ಕ್ಲಾರ್ಕ್ 2001ರಲ್ಲಿ ಸಂಸದರ ಕೊನೆಯ ಸುತ್ತಿನಲ್ಲಿ ಮುಂದಿದ್ದರೂ ಸದಸ್ಯರ ಮತದಲ್ಲಿ ಇಯಾನ್ ಡಂಕನ್ ಸ್ಮಿತ್ ಎದುರು ಸೋತರು. ಮಂತ್ರಿಗಿರಿಯಲ್ಲಿ, ಸಂಸತ್ತಿನ ಮೊಗಸಾಲೆಯಲ್ಲಿ ಪಳಗಿದ ಸೌಮ್ಯವಾದಿಗಳು ಊರೂರಿನ ಪಕ್ಷದ ಘಟಕಗಳಲ್ಲಿ ತಮ್ಮವರನ್ನು ಬೆಳೆಸುವುದನ್ನು ಕಡೆಗಣಿಸಿದ್ದರು. ಅದರ ಬೆಲೆಯನ್ನು ಈಗಲೂ ತೆರುತ್ತಿದ್ದಾರೆ.

ಪ್ರಶ್ನೆ: 2019ರಲ್ಲಿ ಬೋರಿಸ್ ಜಾನ್ಸನ್ 21 ಸಂಸದರನ್ನು ಒಂದೇ ರಾತ್ರಿ ಹೊರಹಾಕಿದರೆಂದು ಓದಿದ್ದೆ. ಅಂಥ ಬಂಡಾಯ ನಮ್ಮಲ್ಲಿ ಸಾಧ್ಯವೇ? ಈಗ ಆ ಬಣದ ಗತಿ ಏನು? (ಬೆಂಗಳೂರಿನ ವಕೀಲರೊಬ್ಬರು)

ಉತ್ತರ: ಅದು ಸೆಪ್ಟೆಂಬರ್ 3ರ ರಾತ್ರಿ. ಒಪ್ಪಂದವಿಲ್ಲದೆ ಯುರೋಪಿಯನ್ ಒಕ್ಕೂಟದಿಂದ ಹೊರಬರುವುದನ್ನು ತಡೆಯಲು ಕಾಮನ್ಸ್ ಸಭೆಯ ಕಲಾಪವನ್ನೇ ಸರ್ಕಾರದ ಕೈಯಿಂದ ತೆಗೆದುಕೊಳ್ಳುವ ನಿರ್ಣಯ 328-301 ಮತಗಳಿಂದ ಗೆದ್ದಿತು. ಪಕ್ಷದ ವಿಪ್ ಮೀರಿ ಅದರ ಪರ ಮತ ಹಾಕಿದ 21 ಟೋರಿಗಳಲ್ಲಿ ಕ್ಲಾರ್ಕ್, ಆರು ವಾರಗಳ ಹಿಂದಷ್ಟೇ ಹಣಕಾಸು ಸಚಿವರಾಗಿದ್ದ ಫಿಲಿಪ್ ಹ್ಯಾಮಂಡ್, ಮಾಜಿ ಅಟಾರ್ನಿ ಜನರಲ್ ಡೊಮಿನಿಕ್ ಗ್ರೀವ್, ರೋರಿ ಸ್ಟೂವರ್ಟ್, ಚರ್ಚಿಲ್ ಅವರ ಮೊಮ್ಮಗ ನಿಕೊಲಸ್ ಸೋಮ್ಸ್ ಎಲ್ಲರೂ ಇದ್ದರು. 1981ರಲ್ಲಿ ವಜಾಗೊಂಡ ಸೋಮ್ಸ್ ಇವರ ತಂದೆ. ಹಿಂದಿನ ತಲೆಮಾರು ಮಾಡದ ಕೆಲಸವನ್ನು ಈ ತಲೆಮಾರು ಮಾಡಿತು. ಅಕ್ಟೋಬರ್ ಕೊನೆಗೆ 10 ಮಂದಿಯನ್ನು ಪಕ್ಷಕ್ಕೆ ಮರಳಿ ಸೇರಿಸಿಕೊಳ್ಳಲಾಯಿತು. ಉಳಿದವರಲ್ಲಿ ಹಲವರು ಸ್ಪರ್ಧಿಸಲಿಲ್ಲ, ಪಕ್ಷೇತರರಾಗಿ ನಿಂತ ಗ್ರೀವ್, ಡೇವಿಡ್ ಗಾಕ್, ಆನ್ ಮಿಲ್ಟನ್ ಡಿಸೆಂಬರ್ ಚುನಾವಣೆಯಲ್ಲಿ ಸೋತರು.

ನೀವು ವಕೀಲರಾದ್ದರಿಂದ ಒಂದು ವ್ಯತ್ಯಾಸ ನಿಮಗೆ ಥಟ್ಟನೆ ಹೊಳೆದಿರಬಹುದು. ಆ 21 ಜನ ಪಕ್ಷವನ್ನು ಕಳೆದುಕೊಂಡರು, ಸಂಸದ ಸ್ಥಾನವನ್ನು ಕಳೆದುಕೊಳ್ಳಲಿಲ್ಲ. ನಮ್ಮಲ್ಲಿ 1985ರ 52ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯ ಪ್ರಕಾರ, ವಿಪ್ ವಿರುದ್ಧ ಮತ ಹಾಕಿದ ಸದಸ್ಯನನ್ನು ಪಕ್ಷ 15 ದಿನಗಳೊಳಗೆ ಮನ್ನಿಸದಿದ್ದರೆ ಅವನ ಸದಸ್ಯತ್ವಕ್ಕೇ ಸಂಚಕಾರ. ಹಣ, ಹುದ್ದೆಗಳ ಆಮಿಷಕ್ಕೆ ಪಕ್ಷ ಬಿಡುವವರನ್ನು ತಡೆಯಲು ಬಂದ ಕಾನೂನು ಆತ್ಮಸಾಕ್ಷಿಯ ಭಿನ್ನಮತವನ್ನೂ ಅದೇ ಬಲೆಯಲ್ಲಿ ಹಿಡಿಯುತ್ತದೆ. ವಿಪ್ ಅನ್ನು ಸರ್ಕಾರದ ಅಳಿವು ಉಳಿವಿನಂಥ ಮತದಾನಗಳಿಗೆ ಸೀಮಿತಗೊಳಿಸುವುದು ಒಳಿತೆಂದು ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಸಲಹೆ ಕೊಟ್ಟಿತ್ತು; ಅದು ಇನ್ನೂ ಕಾನೂನಾಗಿಲ್ಲ. ಅದು ಜಾರಿಯಾಗದೆ ನಮ್ಮ ಯಾವುದೇ ಪಕ್ಷದಲ್ಲಿ, ಎಡಕ್ಕಿರಲಿ ಬಲಕ್ಕಿರಲಿ, ಗ್ರೀವ್ ಅವರಂಥವರು ಸದನದೊಳಗೆ ಬಾಳುವುದು ದುಸ್ತರವೆಂದೇ ನನ್ನ ಅಭಿಪ್ರಾಯ.

ಈಗಿನ ಗತಿಯ ಬಗ್ಗೆ ಹೇಳುವುದಾದರೆ, 2024ರಲ್ಲಿ ಲಿಬರಲ್ ಡೆಮಾಕ್ರಟರು 72 ಸ್ಥಾನ ಗೆದ್ದದ್ದು ಬಹುತೇಕ ಸೌಮ್ಯ ಟೋರಿ ಮತದಾರರಿದ್ದ ಕ್ಷೇತ್ರಗಳಲ್ಲಿ. ಒಂದು ಕಾಲಕ್ಕೆ ಕ್ಯಾಮರನ್ ಪ್ರತಿನಿಧಿಸಿದ್ದ ವಿಟ್ನಿ, ತೆರೇಸಾ ಮೇ ಅವರ ಮೇಡನ್‌ಹೆಡ್ ಎರಡೂ ಅವರ ಪಾಲಾದವು. ಅದೇ ವರ್ಷದ ನಾಯಕತ್ವದ ಸ್ಪರ್ಧೆಯಲ್ಲಿ ಮಧ್ಯಮ ಮಾರ್ಗಿಗಳ ಆಸೆಯಾಗಿದ್ದ ಜೇಮ್ಸ್ ಕ್ಲೆವರ್ಲಿ ಒಂದು ಸುತ್ತಿನಲ್ಲಿ 39 ಮತಗಳಿಂದ ಮೊದಲಿಗರಾಗಿ, ಮರುದಿನವೇ 37ಕ್ಕೆ ಇಳಿದು ಹೊರಬಿದ್ದರು. ಗೆದ್ದ ಕೆಮಿ ಬೇಡನಾಕ್ ಅವರ ನಾಯಕತ್ವದಲ್ಲಿ ಪಕ್ಷ 2025ರ ಅಕ್ಟೋಬರ್‌ನಲ್ಲಿ, ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಯಿಂದ ಹೊರಬರುವುದನ್ನು ತನ್ನ ನೀತಿಯೆಂದು ಪ್ರಕಟಿಸಿತು. 1950ರಲ್ಲಿ ಸಹಿಯಾದ ಆ ಒಡಂಬಡಿಕೆಯ ಕರಡನ್ನು ರೂಪಿಸುವುದರಲ್ಲಿ ಮುಂದಾಳಾಗಿದ್ದವರು ಡೇವಿಡ್ ಮ್ಯಾಕ್ಸ್‌ವೆಲ್ ಫೈಫ್ ಎಂಬ ಟೋರಿ ವಕೀಲರೇ. ಸಂಸತ್ತಿನಲ್ಲಿ ಉಳಿದಿರುವ 'ಒನ್ ನೇಷನ್' ಸದಸ್ಯರು ಈ ನೀತಿಯನ್ನು ತಲೆಬಾಗಿ ಒಪ್ಪುತ್ತಾರೆಯೇ, ಅಥವಾ ಇದರ ಮೇಲೆ ಮತದಾನ ನಡೆದರೆ ತಮ್ಮ ಹಿಂದಿನ 21 ಮಂದಿಯಂತೆ ಎದ್ದು ನಿಲ್ಲುತ್ತಾರೆಯೇ ಎಂಬುದರ ಮೇಲೆ ಆ ಬಣ ಇನ್ನೂ ಜೀವಂತವಾಗಿದೆಯೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ.